ವಂಶಾವಳಿ ಹೊತ್ತುಕೊಂಡು ಕೊಣ್ಣೂರಿಗೆ

ಹರಿಹರದ ಸೇತುವೆ

ಮೈಸೂರು ಸಂಸ್ಥಾನದ ಗಡಿ ದಾಟುವುದನ್ನು ಪರದೇಶ ಪ್ರಯಾಣ ಎಂದು ಕರೆದರೆ ಹಡಗು ಹತ್ತಿ ಹೋಗಿ ಬಂದವರು ನಗುತ್ತಾರೆ. ನಗಲಿ, ಅವರಿಗೆ ಹಲ್ಲಿದೆ. ಹರಿಹರದಲ್ಲಿ ರೈಲು ತುಂಗಭದ್ರೆಯ ಸೇತುವೆಯ ಮೇಲೆ ಗಡಗಡ ಎನ್ನುವಾಗ ನನ್ನ ಎದೆಯೂ ಹಾಗೆಯೇ ಎನ್ನುತ್ತಿತ್ತು. ಹೊಳೆಯ ಈಚೆಗೆ ನಮ್ಮ ಮಹಾರಾಜರು, ಆಚೆಗೆ ಮುಂಬೈ ಇಲಾಖೆಯ ಗವರ್ನರ್ ಸಾಹೇಬರು. ಆಚೆ ದಡ ಮುಟ್ಟುತ್ತಲೇ ಟೋಪಿಯವನೊಬ್ಬ ಡಬ್ಬಿ ಹತ್ತಿ ‘ನೀನು ಯಾರು, ಇಲ್ಲಿಗೇಕೆ ಬಂದೆ’ ಎಂದು ಗದರಿಸುತ್ತಾನೆಂದು ಉತ್ತರವನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಯಾರೂ ಬರಲಿಲ್ಲ. ಕಡಲೆಕಾಯಿ ಮಾರುವವನೊಬ್ಬ ಬಂದು ‘ಶೇಂಗಾ, ಶೇಂಗಾ’ ಎಂದು ಕೂಗಿದ. ಪರದೇಶ ಸುರುವಾಯಿತೆಂದು ನನಗೆ ಅಷ್ಟರಿಂದಲೇ ತಿಳಿಯಿತು.

ಸಿದ್ಧ ಮಾಡಿಕೊಂಡ ಉತ್ತರವನ್ನು ವ್ಯರ್ಥ ಮಾಡುವುದೇಕೆ, ಓದುವವರಿಗಾದರೂ ಹೇಳುತ್ತೇನೆ. ನಾನು ತುಮಕೂರು ಚಿಕ್ಕಪೇಟೆಯ ಜವಳಿ ವ್ಯಾಪಾರಿ ಚನ್ನಬಸಪ್ಪ. ನನ್ನ ವಯಸ್ಸಿನವರಿಗೆ ಇಸ್ಪೀಟು, ನಾಟಕ, ನಶ್ಯ ಹೀಗೆ ಒಂದೊಂದು ಚಟ. ನನಗೆ ವಂಶಾವಳಿಯ ಚಟ. ಯಾರ ಮನೆಗೆ ಹೋದರೂ ನೀರು ಕುಡಿಯುವ ಮೊದಲು ಅವರ ಮುತ್ತಜ್ಜನ ಹೆಸರು ಕೇಳುತ್ತೇನೆ. ನನ್ನನ್ನು ಕಂಡು ಬೀದಿ ದಾಟಿ ಆಚೆ ಬದಿಯಲ್ಲಿ ನಡೆಯುವವರು ತುಮಕೂರಿನಲ್ಲಿ ಕೆಲವರಿದ್ದಾರೆ. ಅವರ ಮುತ್ತಜ್ಜಂದಿರ ಹೆಸರೂ ನನಗೆ ಗೊತ್ತು.

ನಮ್ಮ ಮನೆತನದ ವಂಶಾವಳಿಯನ್ನು ಅಂಗಡಿಯ ಬಿಳಿ ಲಾಂಗ್‌ಕ್ಲಾತಿನ ಮೇಲೆ ಬರೆದಿದ್ದೆ. ಕಾಗದ ಮಡಿಕೆಯಲ್ಲಿ ಹರಿಯುತ್ತದೆ, ಬಟ್ಟೆಯಾದರೆ ಹಾಸಬಹುದು, ಸುತ್ತಬಹುದು. ಬುಡದಲ್ಲಿ ನನ್ನ ಗಂಡುಮಕ್ಕಳು, ಮೇಲೆ ನಾನು, ನನ್ನ ಮೇಲೆ ತಂದೆ, ಹೀಗೆ ಏರುತ್ತಾ ಏರುತ್ತಾ ಮಲ್ಲಪ್ಪ ಎಂಬ ಹಿರಿಯನವರೆಗೆ ಹೋಗಿ ಬಟ್ಟೆ ಬರಿದಾಗುತ್ತಿತ್ತು. ಅಲ್ಲಿಂದಾಚೆಗೆ ನಮ್ಮ ಹೆಳವನಿಗೂ ಗೊತ್ತಿಲ್ಲ. ಹೆಳವರೆಂದರೆ ಕೆಲವು ವರ್ಷಕ್ಕೊಮ್ಮೆ ಎತ್ತಿನ ಮೇಲೆ ಬಂದು, ಮನೆಯ ಹಿರಿಯರ ಹೆಸರುಗಳನ್ನು ಸಾಲಾಗಿ ಹಾಡಿ, ಕಾಳು ಬಟ್ಟೆ ಪಡೆದು ಹೋಗುವವರು. ನಮ್ಮ ಹೆಳವ ಒಂದು ಕಡೆ ಬಂದು ನಿಂತುಬಿಡುತ್ತಾನೆ: ‘ಶಿವಪ್ಪ ಮಲ್ಲಪ್ಪ ಅಣ್ಣತಮ್ಮಂದಿರು, ಗೋಕಾಕ ಸೀಮೆ ಕೊಣ್ಣೂರು ಅಗಸಿಮನೆ ತೊಟ್ಟಿಲಲ್ಲಿ ತೂಗಿಸಿಕೊಂಡವರು.’ ಎಷ್ಟು ಗಜ ಬಟ್ಟೆ ಕೊಟ್ಟರೂ ಅದರಿಂದ ಮೇಲಕ್ಕೆ ಒಂದು ಹೆಸರಿಲ್ಲ. ಅಗಸಿಯೆಂದರೆ ಊರ ಹೆಬ್ಬಾಗಿಲು. ಹೆಬ್ಬಾಗಿಲ ಪಕ್ಕದ ಮನೆಯೆಂದರೆ ಊರು ಕಾದ ಮನೆ. ಹಾಗಾದರೆ ನಮ್ಮವರು ಕತ್ತಿ ಹಿಡಿದ ಶೂರರೇ ಇರಬೇಕೆಂದು ನಾನು ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಎಂದೋ ತೀರ್ಮಾನ ಮಾಡಿದ್ದೆ. ಉಳಿದದ್ದು ಮಲ್ಲಪ್ಪನ ತಂದೆಯ ಹೆಸರೊಂದು. ಅದನ್ನು ಹಿಡಿದು ತರದೆ ಮರಳುವುದಿಲ್ಲವೆಂದು ಮಾಗಿಯ ಚಳಿಯಲ್ಲಿ ಪೂನಾ ಕಡೆಯ ರೈಲು ಹತ್ತಿದ್ದೆ.

ಗೋಕಾಕ

ಗೋಕಾಕ ರೋಡ್ ಸ್ಟೇಷನ್ನಿನಲ್ಲಿ ಇಳಿದವನು ನೇರ ಕೊಣ್ಣೂರಿಗೆ ಹೋಗಬಹುದಿತ್ತು, ಹತ್ತಿರವೇ ಇದೆ. ಆದರೆ ಸಂಶೋಧಕನೆಂಬ ಬಿಂಕ. ಮೊದಲು ಗೋಕಾಕಿಗೆ ಹೋಗಿ ಹಳೆಯ ಕಾಗದಪತ್ರ ನೋಡಿಯೇ ಮುಂದಿನ ಹೆಜ್ಜೆ ಎಂದು ಟಾಂಗಾ ಹಿಡಿದೆ. ಅಲ್ಲಿಯ ಗುಮಾಸ್ತರು ಬಹಳ ಸಜ್ಜನರು. ನಾನು ಮೈಸೂರಿನಿಂದ ಬಂದವನೆಂದು ಕೇಳಿ ಕುರ್ಚಿ ಹಾಕಿದರು, ಚಹಾ ತರಿಸಿದರು, ಹಳೆಯ ಕಾಗದದ ಕಟ್ಟೊಂದನ್ನು ಮುಂದಿಟ್ಟರು. ತೆರೆದು ನೋಡಿದರೆ ಹಳೆಯ ಮರಾಠಿ ಬರಹದ ಮೋಡಿ ಲಿಪಿ. ಅಕ್ಷರಗಳೆಲ್ಲ ಒಂದರ ಬಾಲ ಒಂದು ಹಿಡಿದುಕೊಂಡು ಓಡುತ್ತಿದ್ದವು.

‘ಇದು ಏನಂತ ಓದುವುದು ಸ್ವಾಮಿ?’ ಎಂದೆ.

‘ನಮಗೂ ಬರಂಗಿಲ್ರಿ,’ ಎಂದರು ಅವರು ಸಂತೋಷದಿಂದ. ‘ಓದಾವ್ರು ಒಬ್ರು ಇದ್ರು, ಪೆನ್ಶನ್ ತಗೊಂಡು ಪುಣೆಕ ಹೋದ್ರು. ಚಾ ಇನ್ನೊಂದ ಸ್ವಲ್ಪ ತಗೋರಿ.’

ಅಲ್ಲಿಗೆ ಕಾಗದದ ಸಂಶೋಧನೆ ಮುಗಿಯಿತು. ಪರಿಚಯದ ವ್ಯಾಪಾರಿಯೊಬ್ಬರ ಮನೆಯಲ್ಲಿ ಉಳಿದೆ. ಪಡಸಾಲೆಯಲ್ಲಿ ತಟ್ಟೆಯ ತುಂಬ ಹಣ್ಣು ಇಟ್ಟಿದ್ದರು. ಅಡುಗೆ ಇನ್ನೂ ತಡವಿತ್ತು, ಮನೆಯವರು ಒಳಗಿದ್ದರು, ನಾನು ಸಂಕೋಚ ಬಿಟ್ಟು ಒಂದು ಸೀಬೆಹಣ್ಣು ತೆಗೆದು ಕಚ್ಚಿದೆ. ಗೋಕಾಕಿನವರು ಮರದಲ್ಲಿ ಕೆತ್ತಿ ಬಣ್ಣ ಹಚ್ಚುವ ಹಣ್ಣುಗಳ ವಿಷಯ ನನಗೆ ಯಾರೂ ಹೇಳಿರಲಿಲ್ಲ. ಹಲ್ಲು ಅಲ್ಲಾಡಿತು. ಹಣ್ಣಿಗೆ ಏನೂ ಆಗಲಿಲ್ಲ. ಊಟಕ್ಕೆ ಕೂತಾಗ ಜೋಳದ ರೊಟ್ಟಿ ಬಂತು. ರಾಗಿಮುದ್ದೆಯನ್ನು ನುಂಗಿ ಬೆಳೆದ ನಾನು ಅಗಿಯುವ ಕೆಲಸವನ್ನು ಹೊಸದಾಗಿ ಕಲಿಯಬೇಕಾಯಿತು, ಅದೂ ಅಲ್ಲಾಡುವ ಹಲ್ಲಿನಲ್ಲಿ.

ಕೊಣ್ಣೂರು

ಕೊಣ್ಣೂರಿಗೆ ಹೋದಾಗ ಕಬ್ಬು ಕಡಿಯುವ ಕಾಲ. ಊರು ಕಾಣುವ ಮೊದಲೇ ಬೆಲ್ಲದ ವಾಸನೆ ಬಂತು. ಗಾಣದ ಬಳಿ ನಿಂತವರಿಗೆ ದಾರಿ ಕೇಳಿದರೆ ದಾರಿ ಹೇಳುವ ಮೊದಲು ಕೈಗೆ ಕಬ್ಬಿನ ಹಾಲು ಕೊಡುತ್ತಾರೆ. ಮೂವರಿಗೆ ದಾರಿ ಕೇಳಿದೆ. ನಾಲ್ಕನೆಯವನನ್ನು ಕೇಳಲು ಹೊಟ್ಟೆಯಲ್ಲಿ ಜಾಗವಿರಲಿಲ್ಲ.

ಅಗಸಿಮನೆ ಇತ್ತು! ಅಗಸಿ ಬಿದ್ದುಹೋಗಿ ಕಲ್ಲು ಮಾತ್ರ ಉಳಿದಿತ್ತು, ಮನೆ ಗಟ್ಟಿಯಾಗಿತ್ತು. ಬಾಗಿಲಲ್ಲಿ ನಿಂತು ನಾನು ಹೆಳವನ ಹಾಡನ್ನು ಗದ್ಯದಲ್ಲಿ ಹೇಳಿದೆ. ಮನೆಯ ಯಜಮಾನ ಬಾಳಪ್ಪನವರು ನನ್ನಷ್ಟೇ ವಯಸ್ಸಿನವರು. ಅವರು ನನ್ನನ್ನು ತಲೆಯಿಂದ ಕಾಲಿನ ತನಕ ನೋಡಿ ಹೇಳಿದರು:

‘ನೀವು ಏನ ಹೇಳಾಕತ್ತೀರೋ ಪೂರಾ ತಿಳೀಲಿಲ್ರಿ. ಆದ್ರ ಕನ್ನಡ ಭಾಳ ಚಲೋ ಕಲ್ತೀರಿ. ಬರ್ರಿ ಒಳಗ, ಕಾಲಿಗಿ ನೀರ ತಗೋರಿ.’

ಇದು ಅಣಕವಲ್ಲ, ನಿಜವಾದ ಹೊಗಳಿಕೆ. ನಾನು ಮನೆಯಲ್ಲಿ ತಮಿಳೋ ತೆಲುಗೋ ಮಾತಾಡುತ್ತೇನೆಂದು ಅವರು ಕೊನೆಯ ತನಕ ನಂಬಿದ್ದರು. ಯಾರ ಮನೆಯವನು, ಎಷ್ಟು ದಿನ ಇರುತ್ತೀ ಎಂದು ಒಬ್ಬರೂ ಕೇಳಲಿಲ್ಲ. ನಮ್ಮ ಕಡೆ ಅತಿಥಿಯನ್ನು ಮೊದಲು ವಿಚಾರಿಸಿ ಆಮೇಲೆ ಉಪಚರಿಸುತ್ತೇವೆ. ಇಲ್ಲಿ ಉಪಚರಿಸಿ ಸುಸ್ತು ಮಾಡಿ, ವಿಚಾರಣೆಯನ್ನು ಮರೆತುಬಿಡುತ್ತಾರೆ.

ಬೆಳಿಗ್ಗೆ ಎದ್ದಾಗ ತಲೆದೆಸೆಯಲ್ಲಿಟ್ಟಿದ್ದ ನನ್ನ ವಂಶಾವಳಿ ಕಾಣಲಿಲ್ಲ. ಹುಡುಕಿ ಮಾಳಿಗೆ ಹತ್ತಿದರೆ, ಅದನ್ನು ಬಿಸಿಲಿಗೆ ಹಾಸಿ ಮನೆಯ ಹೆಂಗಸರು ಅದರ ಮೇಲೆ ಶ್ಯಾವಿಗೆ ಒಣಹಾಕಿದ್ದರು. ಬಾಳಪ್ಪನವರ ದಾಯಾದಿ ಅಡಿವೆಪ್ಪನವರು ಮೂಡಲಗಿಯಲ್ಲಿದ್ದಾರೆ. ಅವರ ಮಗಳ ಮದುವೆ ಹತ್ತಿರ ಬಂದಿತ್ತಂತೆ, ಅದಕ್ಕೆ ಇಲ್ಲಿಯೂ ಶ್ಯಾವಿಗೆ ಹೊಸೆಯುತ್ತಿದ್ದರು. ನನ್ನ ತಾತನ ಮೇಲೆ, ಅವರ ಅಣ್ಣತಮ್ಮಂದಿರ ಮೇಲೆ ಎಳೆ ಎಳೆಯಾಗಿ ಶ್ಯಾವಿಗೆ. ಬಾಳಪ್ಪನವರ ತಾಯಿ ಸತ್ಯವ್ವ ಅಲ್ಲೇ ಕೋಲು ಹಿಡಿದು ಕಾಗೆ ಕಾಯುತ್ತಿದ್ದರು. ಬಹಳ ವಯಸ್ಸಾದ ಹೆಂಗಸು, ಕಣ್ಣು ಮಾತ್ರ ಚುರುಕು.

‘ಸ್ವಚ್ಛ ಅರಿವಿ ಇತ್ತಲ್ಲಾ ತಮ್ಮಾ, ಅದಕ್ಕ ಹಾಸೀವಿ. ಅದರ ಮ್ಯಾಲ ಏನೋ ನಕ್ಷಿ ಐತಿ,’ ಎಂದರು.

‘ನಕ್ಷೆಯಲ್ಲ ಅಮ್ಮ, ನಮ್ಮ ವಂಶ.’

‘ಹೌದಾ? ನಿಮ್ಮನ್ಯಾಗ ಹೆಣ್ಣಮಕ್ಕಳು ಎಷ್ಟ ಮಂದಿ?’

ಈ ಪ್ರಶ್ನೆಗೂ ವಂಶಕ್ಕೂ ಏನು ಸಂಬಂಧವೆಂದು ನನಗೆ ಹೊಳೆಯಲಿಲ್ಲ. ಒಬ್ಬಳೇ ಎಂದು ಹೇಳಿ, ಬಟ್ಟೆ ಬಿಡಿಸಿಕೊಂಡು, ಗಂಡಸರಿದ್ದ ಪಡಸಾಲೆಗೆ ಇಳಿದೆ.

ಪಡಸಾಲೆಯಲ್ಲಿ ಬಟ್ಟೆ ಹಾಸಿ ಮಲ್ಲಪ್ಪನನ್ನು ತೋರಿಸಿದೆ. ಬಾಳಪ್ಪನವರು ಬೆರಳು ಮಡಚುತ್ತಾ ತಮ್ಮ ಹಿರಿಯರನ್ನು ನೆನೆದರು. ಅವರ ಲೆಕ್ಕವೂ ಅದೇ ಕಾಲದ ತನಕ ಏರಿತು, ಲಗಮಪ್ಪ ಎಂಬ ಮೂಲಪುರುಷನಲ್ಲಿ ನಿಂತಿತು.

‘ಶಿವಪ್ಪ ಮಲ್ಲಪ್ಪ ಅನ್ನೂ ಹೆಸರ ನಾ ಕೇಳಿಲ್ರಿ,’ ಎಂದರು. ‘ಆದ್ರ ಹುಕ್ಕೇರ್ಯಾಗ ನಮ್ಮ ಹಳೇ ನೆಂಟರ ಅದಾರ, ಗುರಸಿದ್ದಪ್ಪ ಅಂತ. ಅವರ ಹಿರ್ಯಾರೂ ಒಂದ ಕಾಲಕ್ಕ ಇದ ಮನ್ಯಾಗ ಬೆಳದವರಂತ. ಅವರನ್ನ ಕೇಳ್ರಿ.’

ಲಗಮಪ್ಪ! ಮಲ್ಲಪ್ಪ ಬೆಳೆದ ಕಾಲಕ್ಕೆ ಈ ಮನೆಯ ಯಜಮಾನ ಲಗಮಪ್ಪ. ಈ ಮನೆಯ ತೊಟ್ಟಿಲಲ್ಲಿ ಆಡಿದವನು ಈ ಮನೆಯ ಯಜಮಾನನ ಮಗನಲ್ಲದೆ ಮತ್ತೇನು? ಒಂದೇ ಒಂದು ತೊಡಕಿತ್ತು. ನಮ್ಮಲ್ಲಿ ಮನೆತನಕ್ಕೊಂದು ಬೆಡಗು ಇರುತ್ತದೆ, ಬೇರೆಯವರ ಗೋತ್ರವಿದ್ದಂತೆ. ಒಂದೇ ಬೆಡಗಿನವರೆಂದರೆ ಅಣ್ಣತಮ್ಮಂದಿರು, ಅವರೊಳಗೆ ಹೆಣ್ಣು ಕೊಟ್ಟು ತರುವಂತಿಲ್ಲ. ಕೊಣ್ಣೂರಿನವರ ಬೆಡಗು ನಮ್ಮದಾಗಿರಲಿಲ್ಲ. ಆದರೆ ಚಟ ಹಿಡಿದವನಿಗೆ ಸಮಾಧಾನ ಹುಡುಕುವುದು ಕಷ್ಟವೇ? ಊರು ಬಿಟ್ಟವರು ಹೊಸ ಮಠಕ್ಕೆ ನಡೆದುಕೊಂಡಿರುತ್ತಾರೆ, ಬೆಡಗು ಬದಲಾಗಿರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಆ ವಿವರಣೆ ನನಗೆ ಎಷ್ಟು ಹಿಡಿಸಿತೆಂದರೆ ಸಂಜೆಯ ಹೊತ್ತಿಗೆ ಅದು ಇತಿಹಾಸವಾಗಿತ್ತು. ಬಟ್ಟೆಯ ಖಾಲಿ ಜಾಗದಲ್ಲಿ ಲಗಮಪ್ಪ ಎಂದು ದಪ್ಪಕ್ಷರದಲ್ಲಿ ಬರೆದೆ.

ಹುಕ್ಕೇರಿ

ಹುಕ್ಕೇರಿಗೆ ಹೋಗುವ ಸರ್ವಿಸ್ ಮೋಟಾರು ಯಮಕನಮರಡಿಯಲ್ಲಿ ಕೆಟ್ಟು ನಿಂತಿತು. ನಮ್ಮೂರಿನಲ್ಲಿ ಹೀಗಾದರೆ ಪ್ರಯಾಣಿಕರು ಡ್ರೈವರನನ್ನು ಬಯ್ಯುತ್ತಾರೆ. ಇಲ್ಲಿ ಎಲ್ಲರೂ ಇಳಿದು, ಮೋಟಾರಿನ ಸುತ್ತ ನಿಂತು, ಒಬ್ಬೊಬ್ಬರು ಒಂದೊಂದು ಔಷಧ ಹೇಳಿದರು. ಎಮ್ಮೆ ವ್ಯಾಪಾರಿಯೊಬ್ಬ ಎಂಜಿನ್ನಿನ ಮೇಲೆ ಕೈಯಿಟ್ಟು ‘ಇದಕ್ಕ ಉಷ್ಣ ಆಗೇತಿ’ ಎಂದು ಹೇಳಿದ. ಎಲ್ಲರೂ ಒಪ್ಪಿದರು. ನೀರು ಹೊಯ್ದ ಮೇಲೆ ಮೋಟಾರು ನಿಜವಾಗಿ ಹೊರಟಿತು. ಅಷ್ಟರಲ್ಲಿ ನಾನು ಬಾಜೂ ಕೂತವರ ಮುತ್ತಜ್ಜನವರೆಗೆ ಹೋಗಿ ಬಂದಿದ್ದೆ.

ಗುರಸಿದ್ದಪ್ಪನವರು ಎತ್ತರದ ಆಳು, ಮೀಸೆಯ ಆಳು, ಮಾತು ಕಡಿಮೆ. ನಾನು ಶಿವಪ್ಪ ಮಲ್ಲಪ್ಪ ಎಂಬ ಹೆಸರು ಹೇಳುತ್ತಲೇ ಅವರ ಮೀಸೆ ಅರಳಿತು.

‘ಶಿವಪ್ಪ ನಮ್ಮ ಮೂಲಪುರುಷರಿ! ಅವನ ತಮ್ಮ ಒಬ್ಬಾಂವ ಕೆಳಗ ಎಲ್ಲೋ ಹೋದಾ ಅಂತ ನಮ್ಮ ಮುತ್ತ್ಯಾ ಹೇಳತಿದ್ದ.’

‘ಆ ಕೆಳಗೆ ಹೋದವನ ಮನೆಯವನೇ ನಾನು!’ ಎಂದೆ.

ಬೆಡಗು ಕೇಳಿದೆ. ನಮ್ಮದೇ ಬೆಡಗು! ಗುರಸಿದ್ದಪ್ಪನವರು ಎದ್ದು ನನ್ನನ್ನು ಅಪ್ಪಿಕೊಂಡರು. ನನ್ನ ಅಲ್ಲಾಡುವ ಹಲ್ಲು ಅವರ ಹೆಗಲಿಗೆ ತಾಗಿ ಕಣ್ಣಲ್ಲಿ ನೀರು ಬಂತು. ಅವರು ಅದನ್ನು ಪ್ರೇಮವೆಂದು ತಿಳಿದುಕೊಂಡರು. ಅರ್ಧ ನಿಜವೂ ಹೌದು. ತುಮಕೂರಿನಿಂದ ಇಷ್ಟು ದೂರದಲ್ಲಿ ನನ್ನದೇ ಮೂಗಿರುವ ಮನುಷ್ಯನೊಬ್ಬ ನನ್ನನ್ನು ಅಪ್ಪಿಕೊಳ್ಳುತ್ತಾನೆಂದರೆ ಸಣ್ಣ ಮಾತೇ?

ಅವರ ಮಗನ ಮದುವೆ ಗೊತ್ತಾಗಿತ್ತು. ಹುಡುಗಿ ಮೂಡಲಗಿಯ ಅಡಿವೆಪ್ಪನವರ ಮಗಳು ನೀಲವ್ವ. ಸಕ್ಕರೆ ಹಂಚಿ ಮಾತು ಗಟ್ಟಿಯಾಗಿತ್ತು. ಮುಂದಿನ ಮಾತಿಗೆ ತಾವು ಮೂಡಲಗಿಗೆ ಹೊರಟಿರುವುದಾಗಿಯೂ ನಾನೂ ಬರಲೇಬೇಕೆಂದೂ ಹೇಳಿದರು. ಯಾರು ಯಾರಿಗೆ ಏನಾಗಬೇಕೆಂದು ತುಮಕೂರಿನ ಅರ್ಧ ಊರಿಗೆ ಹೇಳುವ ನಾನು ಇದನ್ನು ಕೇಳಿಯೂ ಎಚ್ಚರಾಗಲಿಲ್ಲ. ನನ್ನ ತಲೆಯ ತುಂಬ ಸತ್ತವರಿದ್ದರು, ಬದುಕಿರುವವರಿಗೆ ಅಲ್ಲಿ ಜಾಗವಿರಲಿಲ್ಲ. ಲಗಮಪ್ಪನ ವಿಷಯವನ್ನು ಹುಕ್ಕೇರಿಯಲ್ಲಿ ಹೇಳಲೂ ಇಲ್ಲ. ಎರಡೂ ಮನೆಯವರು ಸೇರಿದಾಗ ಒಂದೇ ಸಲಕ್ಕೆ ಹೇಳಿ ಎಲ್ಲರನ್ನೂ ಬೆರಗು ಮಾಡಬೇಕೆಂದು ಗುಟ್ಟಾಗಿ ಇಟ್ಟುಕೊಂಡೆ.

ಮೂಡಲಗಿ

ಬೆರಗೇನೋ ಆದರು.

ಅಡಿವೆಪ್ಪನವರ ಪಡಸಾಲೆ ತುಂಬಿತ್ತು. ಹುಕ್ಕೇರಿಯ ಬೀಗರು, ಕೊಣ್ಣೂರಿನಿಂದ ಬಂದಿದ್ದ ಬಾಳಪ್ಪನವರು, ನೆರೆಹೊರೆ. ಅಡಿವೆಪ್ಪನವರು ಗುಂಡಗಿನ, ನಗುನಗುತ್ತಾ ಓಡಾಡುವ ಮನುಷ್ಯ. ‘ಮೈಸೂರ ಸಾವಕಾರ್ರು ಏನೋ ಅರಿವಿ ತಂದಾರ, ನೋಡೂಣು ಬರ್ರಿ,’ ಎಂದು ಎಲ್ಲರನ್ನೂ ಕರೆದರು. ಚಹಾ ಬಂತು. ಅಲ್ಲಿ ಚಹಾವನ್ನು ಕಪ್ಪಿನಿಂದ ಬಶಿಗೆ ಸುರುವಿಕೊಂಡು ಸದ್ದು ಮಾಡಿ ಹೀರುವುದೇ ಮರ್ಯಾದೆ. ಎಲ್ಲರ ಕೈಯಲ್ಲೂ ಬಶಿಯಿದ್ದಾಗ ನಾನು ಬಟ್ಟೆ ಬಿಚ್ಚಿ ನಡುವೆ ಹಾಸಿದೆ.

‘ನೀವು ಇಷ್ಟು ದಿನ ಒಬ್ಬರಿಗೊಬ್ಬರು ಹಳೆಯ ನೆಂಟರೆಂದುಕೊಂಡಿದ್ದೀರಿ,’ ಎಂದೆ. ‘ನೆಂಟರಲ್ಲ! ಇಲ್ಲಿ ನೋಡಿ. ಮೂಡಲಗಿಯವರು ಲಗಮಪ್ಪನ ವಂಶ. ಹುಕ್ಕೇರಿಯವರೂ ಲಗಮಪ್ಪನ ವಂಶ. ನೀವು ಅಣ್ಣತಮ್ಮಂದಿರು!’

ಹೀರುವ ಸದ್ದು ನಿಂತಿತು. ಗುರಸಿದ್ದಪ್ಪನವರು ಬಶಿಯನ್ನು ನಿಧಾನವಾಗಿ ನೆಲಕ್ಕಿಟ್ಟರು.

‘ಅಣ್ತಮ್ಮರಂದ್ರ… ಹುಡುಗಾ ಹುಡುಗಿ?’ ಎಂದರು.

‘ಅಣ್ಣಾ ತಂಗಿ ಆಗತಾರು,’ ಎಂದಿತು ಹಿಂದಿನಿಂದ ಒಂದು ದನಿ.

ಆ ಕ್ಷಣದಲ್ಲಿ ನನಗೆ ತಿಳಿಯಿತು. ಭೂಮಿ ಬಾಯಿ ಬಿಡಬಾರದೇ ಎಂದು ಜನ ಸುಮ್ಮನೆ ಹೇಳುವುದಲ್ಲ, ಅಂಥ ಹೊತ್ತು ನಿಜವಾಗಿ ಬರುತ್ತದೆ. ಅಡಿವೆಪ್ಪನವರು ‘ಬೆಡಗ ಕೇಳೇ ಮಾಡೀವಲ್ರೀ! ಅವರದ ಬ್ಯಾರೆ, ನಮ್ಮದ ಬ್ಯಾರೆ!’ ಎಂದು ಬೇಡಿಕೊಳ್ಳುವಂತೆ ನನ್ನ ಕಡೆ ನೋಡಿದರು. ಆಗಲಾದರೂ ನಾನು ಬಾಯಿ ಮುಚ್ಚಿಕೊಂಡಿರಬಹುದಿತ್ತು. ಆದರೆ ಊರು ಬಿಟ್ಟವರು ಮಠ ಬದಲಿಸುತ್ತಾರೆ ಎಂಬ ನನ್ನ ವಿವರಣೆ ನಾಲಿಗೆಯ ತುದಿಯಲ್ಲೇ ಇತ್ತು, ತಾನಾಗಿ ಹೊರಗೆ ಬಿತ್ತು.

ಒಳಗೆ ಹುಡುಗಿಯ ತಾಯಿ ಅಳತೊಡಗಿದರು. ಗುರಸಿದ್ದಪ್ಪನವರು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು, ‘ತಿಳೀದ ಮಾಡಿದ್ರ ಆ ಮಾತ ಬ್ಯಾರೆ. ತಿಳದ ಮ್ಯಾಲ ಹೆಂಗ ಮಾಡೂದ್ರಿ?’ ಎಂದರು. ಅವರಿಗೂ ಮನಸ್ಸಿರಲಿಲ್ಲ. ಹುಡುಗಿಯನ್ನು ಅವರು ಆಗಲೇ ‘ನಮ್ಮ ನೀಲಾ’ ಎನ್ನುತ್ತಿದ್ದರು. ಯಾರೂ ನನ್ನನ್ನು ಬಯ್ಯಲಿಲ್ಲ, ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಆಗ ಆ ಹುಡುಗಿಯೇ ಹೊರಗೆ ಬಂದಳು. ಏಳನೆಯ ಇಯತ್ತೆಯವರೆಗೆ ಸಾಲೆ ಕಲಿತವಳು. ಸೆರಗು ಹೊದ್ದು, ಬಟ್ಟೆಯ ಅಂಚಿಗೆ ಕೂತು, ಬುಡದಿಂದ ತುದಿಯ ತನಕ ಒಂದೊಂದೇ ಹೆಸರು ಓದಿದಳು. ಪಡಸಾಲೆಯಲ್ಲಿ ಅಷ್ಟು ಗಂಡಸರ ನಡುವೆ ಮದುವಣಗಿತ್ತಿ ಹೀಗೆ ಕೂತದ್ದಕ್ಕೆ ಬೇರೆ ದಿನವಾದರೆ ಗದ್ದಲವಾಗುತ್ತಿತ್ತು. ಅಂದು ಯಾರಿಗೂ ಗದರುವ ಶಕ್ತಿಯಿರಲಿಲ್ಲ.

‘ಕಾಕಾ,’ ಎಂದಳು, ‘ಇದರಾಗ ನನ್ನ ಹೆಸರ ಎಲ್ಲೈತ್ರಿ?’

‘ನಿನ್ನದು… ಇಲ್ಲಮ್ಮ. ಹೆಣ್ಣುಮಕ್ಕಳ ಹೆಸರು ವಂಶಾವಳಿಯಲ್ಲಿ ಬರೆಯುವುದಿಲ್ಲ.’

‘ನನ್ನ ಹೆಸರಷ್ಟ ಅಲ್ರಿ, ಒ‌ಬ್ಬಾಕಿ ಹೆಣ್ಣಮಗಳ ಹೆಸರೂ ಇಲ್ಲ. ಇವರೆಲ್ಲಾ ಯಾರ ಹೊಟ್ಟ್ಯಾಗ ಹುಟ್ಟ್ಯಾರು?’

ಅವಳು ಎದ್ದು ನಿಂತು, ಜಗಳದ ದನಿಯಲ್ಲಿ ಅಲ್ಲ, ನಿಜವಾಗಿ ತಿಳಿಯದವಳಂತೆ ಕೇಳಿದಳು: ‘ನಾನ ಇಲ್ಲದ ಅರಿವ್ಯಾಗ ನನ್ನ ಮದಿವಿ ಹೆಂಗ ಮುರೀತೈತ್ರಿ?’

ಒಳಗಿನಿಂದ ಅವಳ ತಾಯಿ ಅಳು ನಿಲ್ಲಿಸಿ ಕೂಗಿದರು: ‘ಕೊಣ್ಣೂರ ಸತ್ಯವ್ವತ್ತಿನ್ನ ಕೇಳ್ರಿ! ಆ ಮನೀದು ಆಕಿಗಿ ಗೊತ್ತಿಲ್ಲದ್ದ ಯಾರಿಗಿ ಗೊತ್ತೈತಿ? ಗಂಡಸರು ಗಂಡಸರು ಕೂಡಿ ಅರಿವಿ ಹಾಸಿದ್ರ ಹಿಂಗ ಆಗೂದು!’

ಮತ್ತೆ ಕೊಣ್ಣೂರು

ಮರುದಿನ ಬೆಳಿಗ್ಗೆ ಎರಡು ಚಕ್ಕಡಿ ಹೂಡಿ ಹೊರಟೆವು. ಮುಂದಿನದರಲ್ಲಿ ಬೀಗರು. ನನ್ನನ್ನು ಹಿಂದಿನದರಲ್ಲಿ ಮೇವಿನ ಸಂಗಡ ಕೂರಿಸಿದ್ದರು. ಯಾರೂ ನನ್ನೊಡನೆ ಮಾತಾಡಲಿಲ್ಲ, ನಾನೂ ಯಾರ ಮುತ್ತಜ್ಜನನ್ನೂ ಕೇಳಲಿಲ್ಲ. ಆದರೆ ದಾರಿಯಲ್ಲಿ ಬುತ್ತಿ ಬಿಚ್ಚಿದಾಗ ನನ್ನ ಪಾಲಿಗೆ ಮೆತ್ತಗಿನ ರೊಟ್ಟಿಯನ್ನೇ ಬೇರೆ ಕಟ್ಟಿದ್ದರು. ಮದುವೆ ಮುರಿದವನ ಹಲ್ಲು ನೋಯುತ್ತಿದೆಯೆಂದು ಆ ಮನೆಯ ಹೆಂಗಸರು ಅಷ್ಟು ಗೋಳಿನಲ್ಲಿಯೂ ಮರೆತಿರಲಿಲ್ಲ.

ಸತ್ಯವ್ವ ಅಡುಗೆಮನೆಯ ಬಾಗಿಲಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದರು. ಬಾಳಪ್ಪನವರು ನಡೆದದ್ದನ್ನು ಹೇಳಿದರು. ಅಜ್ಜಿ ಸುಲಿಯುವುದನ್ನು ನಿಲ್ಲಿಸದೆ ಪೂರ್ತಿ ಕೇಳಿ, ಗುರಸಿದ್ದಪ್ಪನವರ ಕಡೆ ತಿರುಗಿದರು.

‘ಯಪ್ಪಾ, ನಾಗರ ಪಂಚಮಿಗಿ ನಿಮ್ಮ ಮನಿಗಿ ಇಲ್ಲಿಂದ ಏನ ಬರತೈತಿ?’

‘ಉಂಡಿ ಬರತಾವ ಬೇ. ಎಳ್ಳುಂಡಿ, ಶೇಂಗಾ ಉಂಡಿ. ನಾ ಸಣ್ಣಾಂವ ಇದ್ದಾಗಿಂದ ತಿಂದೇನಿ.’

‘ಯಾಕ ಬರತಾವಂತ ಒಂದ ದಿನಾ ಕೇಳೀಯೇನು?’

‘ತಿನ್ನೂದ ನಡದಿತ್ತು. ಕೇಳಿಲ್ಲ,’ ಎಂದರು ಮೀಸೆಯ ಮನುಷ್ಯ, ಸಾಲೆಯ ಹುಡುಗನಂತೆ ತಲೆ ತಗ್ಗಿಸಿ.

ಅಜ್ಜಿ ಮಗನ ಕಡೆ ತಿರುಗಿದರು. ‘ನೀ ವರ್ಷಾ ವರ್ಷಾ ಬುಟ್ಟಿ ಹೊರಸಿ ಕಳಸ್ತೀದಿ. ಅಣ್ತಮ್ಮರ ಮನಿಗಿ ಯಾರರ ಪಂಚಮಿ ಉಂಡಿ ಕಳಸ್ತಾರೇನೋ ಬಾಳಾ? ಪಂಚಮಿ ಉಂಡಿ ಯಾರಿಗಿ ಹೋಗತೈತಿ?’

ಅಡಿವೆಪ್ಪನವರು ಕೂತಲ್ಲಿಂದ ಜಿಗಿದು, ‘ಹೆಣ್ಣಮಗಳಿಗಿ! ತವರಿಂದ ಹೆಣ್ಣಮಗಳ ಮನಿಗಿ!’ ಎಂದು ಕೂಗಿದರು.

‘ಹೂಂ,’ ಎಂದರು ಅಜ್ಜಿ. ‘ಲಗಮಪ್ಪಗ ಗಂಡಮಗಾ ಒಬ್ಬನ. ಅವನ ಕುಡಿ ನಾವು, ಮೂಡಲಗ್ಯಾವ್ರು. ಮಗಳು ಒಬ್ಬಾಕಿ ಇದ್ಲು, ಗಂಗವ್ವ. ಆಕಿನ ದೂರ ಕೊಡಾಕ ಲಗಮಪ್ಪಗ ಜೀವ ಒಪ್ಪಲಿಲ್ಲ. ಅಳಿಯನ್ನ ಮನ್ಯಾಗ ಇಟಗೊಂಡ್ರು. ಶಿವಪ್ಪ ಮಲ್ಲಪ್ಪ ಇಬ್ರೂ ಗಂಗವ್ವನ ಮಕ್ಕಳು. ಇದ ಮನ್ಯಾಗ ಹುಟ್ಟಿದ್ರು, ಇದ ಮನ್ಯಾಗ ಬೆಳದ್ರು. ಅಳಿಯಾ ಸತ್ತ ಮ್ಯಾಲ ಗಂಗವ್ವ ದೊಡ್ಡ ಮಗನ ಬೆನ್ನ ಹತ್ತಿ ಹುಕ್ಕೇರಿಗಿ ಹೋದ್ಲು. ಆ ವರ್ಷದಿಂದ ಉಂಡಿ ಹೊಂಟಾವು, ಇನ್ನೂ ನಿಂತಿಲ್ಲ. ನಮ್ಮತ್ತಿ ನನಗ ಹೇಳಿದ್ಲು, ಆಕಿಗಿ ಆಕಿ ಅತ್ತಿ ಹೇಳಿದ್ಲು.’

ಎಲ್ಲವೂ ಒಂದೇ ಸಲ ಸರಿಯಾಗಿ ಕೂತಿತು. ಬೆಡಗು ಬದಲಾಗಿರಲೇ ಇಲ್ಲ. ಕೊಣ್ಣೂರು ಮೂಡಲಗಿಯವರದು ಲಗಮಪ್ಪನ ಬೆಡಗು, ಹುಕ್ಕೇರಿಯವರದೂ ನನ್ನದೂ ಆ ಅಳಿಯನ ಬೆಡಗು. ಗುರಸಿದ್ದಪ್ಪನವರು ರುಮಾಲು ಎತ್ತಿ ತಲೆಗಿಟ್ಟುಕೊಂಡರು. ಅಡಿವೆಪ್ಪನವರು ಅವರ ಕೈ ಹಿಡಿದು, ‘ಬೀಗರ, ಇದು ಹಳೇ ಸೋದರಿಕಿ, ಸೋದರಮಾವನ ಮನೀ ಸಂಬಂಧ! ನಮ್ಮ ಹೆಣ್ಣಮಗಳ ಮನಿಗಿ ನಮ್ಮ ಹೆಣ್ಣ ಬರಾಕತ್ತೈತಿ, ಇದಕ್ಕಿಂತ ಚಲೋ ಏನೈತ್ರಿ?’ ಎಂದು ನಗುತ್ತಾ ಅಳುತ್ತಾ ಹೇಳಿದರು. ಮೂಡಲಗಿಗೆ ಸುದ್ದಿ ಮುಟ್ಟಿಸಲು ಚಕ್ಕಡಿ ಆಗಲೇ ತಿರುಗಿತ್ತು. ಅದರಲ್ಲಿದ್ದ ಮೇವು ಅರ್ಧ ಬೀದಿಯಲ್ಲೇ ಚೆಲ್ಲಿತು.

ಎಲ್ಲರೂ ನಗುತ್ತಿದ್ದಾಗ ನನ್ನ ಸಮಸ್ಯೆ ನನಗೇ ಉಳಿಯಿತು. ಮೆಲ್ಲಗೆ ಕೇಳಿದೆ: ‘ಅಮ್ಮ, ಆ ಅಳಿಯನ ಹೆಸರು?’

‘ಅಳಿಯಾ ಅಂತಿದ್ರು.’

‘ಊರು?’

‘ಯಾರಿಗಿ ಗೊತ್ತ? ಭಾಳ ಚಲೋ ಮನಷ್ಯಾ ಅಂತ ಹೇಳತಿದ್ರಪಾ. ಎತ್ತ ಚಲೋ ಹೂಡತಿದ್ನಂತ.’

ಕತ್ತಿ ಹಿಡಿದ ಶೂರನನ್ನು ಹುಡುಕಿಕೊಂಡು ಬಂದವನಿಗೆ, ಹೆಸರಿಲ್ಲದ, ಊರಿಲ್ಲದ, ಎತ್ತು ಚೆನ್ನಾಗಿ ಹೂಡುವ ಮನೆ ಅಳಿಯ ಸಿಕ್ಕಿದ. ನಿಜ ಹೇಳುತ್ತೇನೆ, ಒಂದು ಗಳಿಗೆ ಬಹಳ ಬೇಸರವಾಯಿತು. ಅದೇ ಬೇಸರದಲ್ಲಿ ಲಗಮಪ್ಪನ ಹೆಸರಿಗೆ ಗೀಟು ಹಾಕಿದೆ. ಅವನ ಕೆಳಗೆ, ಮಲ್ಲಪ್ಪನ ಮೇಲೆ, ಗಂಗವ್ವ ಎಂದು ಬರೆದೆ. ನನ್ನ ಬಟ್ಟೆಯ ಮೇಲೆ ಬಿದ್ದ ಮೊದಲನೆಯ ಹೆಂಗಸಿನ ಹೆಸರು ಅದು. ಬರೆದು ನೋಡಿದರೆ ಅಷ್ಟೊಂದು ಗಂಡಸರ ತಲೆಯ ಮೇಲೆ ಅವಳೊಬ್ಬಳು ಚೆನ್ನಾಗಿಯೇ ಕಂಡಳು, ಬೇಸರ ಅರ್ಧ ಇಳಿಯಿತು.

ಎರಡು ದಿನ ಬಿಟ್ಟು ಹೊರಟು ನಿಂತೆ. ಬೆಲ್ಲದ ಪೆಂಟೆ, ಕರದಂಟು, ಶ್ಯಾವಿಗೆ ಎಲ್ಲ ಟಾಂಗಾದಲ್ಲಿ ತುಂಬಿದ್ದರು. ನಮಸ್ಕಾರ ಮಾಡಲು ಅಜ್ಜಿಯ ಬಳಿ ಬಗ್ಗಿದೆ. ಅವರು ನನ್ನ ತೋಳು ಹಿಡಿದು ಹತ್ತಿರ ಎಳೆದುಕೊಂಡರು.

‘ನೀ ಮಲ್ಲಪ್ಪನ ಮನ್ಯಾಂವಂತ ಮೊನ್ನಿ ತನಕ ನನಗ ಯಾರೂ ಹೇಳಲಿಲ್ಲೋ ತಮ್ಮಾ. ನೀ ಗಂಡಸರ ಜೋಡಿನ ಮಾತಾಡ್ತಿದ್ದಿ.’

‘ತಪ್ಪಾಯಿತು ಅಮ್ಮ.’

‘ತಪ್ಪಿನ ಮಾತಲ್ಲ, ಕೇಳು. ಪಂಚಮ್ಯಾಗ ಹುಕ್ಕೇರಿ ಬುಟ್ಟಿ ತುಂಬೂ ಮುಂದ ಮಲ್ಲಪ್ಪನ ಮನೀದೂ ಒಂದ ಪಾಲ ತಗದ ಇಡತೇವಿ. ಗಂಗವ್ವನ ಮಕ್ಕಳು ಇಬ್ರಲ್ಲಾ? ಒಬ್ಬನ ಮನಿಗಿ ಕಳಿಸಿ ಒಬ್ಬನ ಮನಿ ಬಿಟ್ರ ಹೆಂಗ? ಆದ್ರ ಎಲ್ಲಿಗಿ ಕಳಸೂದು ತಿಳೀದು. ಸಂಜೀತನಕ ದೇವರ ಮುಂದ ಇಟ್ಟು, ಯಾರೂ ಬರಲಿಲ್ಲಂದ್ರ ಓಣಿ ಹುಡಗೂರಿಗಿ ಹಂಚತೇವಿ. ನಮ್ಮತ್ತೀನೂ ಹಂಗ ಮಾಡತಿದ್ಲು, ನಾನೂ ಹಂಗ ಮಾಡಕೋತ ಬಂದೇನಿ.’

ನಾನು ಅವರನ್ನು ಹುಡುಕಲು ಹೊರಟದ್ದು ಈ ಮಾಗಿಯಲ್ಲಿ. ಅವರು ನನ್ನ ಪಾಲನ್ನು ತೆಗೆದಿಟ್ಟುಕೊಂಡು ನಾನು ಹುಟ್ಟುವ ಮೊದಲಿನಿಂದ, ನನ್ನ ತಂದೆ ಹುಟ್ಟುವ ಮೊದಲಿನಿಂದ ಕಾಯುತ್ತಿದ್ದರು. ನನಗೆ ಅಳು ಬಂತು. ಈ ಸಲ ಹಲ್ಲಿನ ನೆಪವಿರಲಿಲ್ಲ.

‘ಅಳಬ್ಯಾಡಾ, ಗಂಡಸ ಆಗಿ,’ ಎಂದು ಅಜ್ಜಿ ಸೆರಗಿನಿಂದ ತಮ್ಮ ಕಣ್ಣನ್ನೇ ಒರೆಸಿಕೊಂಡರು. ‘ಎಲ್ಲಿಗಿ ಕಳಸಬೇಕು ಹೇಳು.’

‘ತುಮಕೂರು,’ ಎಂದೆ. ‘ಚಿಕ್ಕಪೇಟೆ. ಜವಳಿ ಅಂಗಡಿ ಚನ್ನಬಸಪ್ಪ.’

ಬರೆದುಕೊಡುತ್ತೇನೆಂದು ಪೆನ್ಸಿಲ್ ತೆಗೆದೆ. ಬೇಡವೆಂದು ತಲೆಯಾಡಿಸಿ, ಸೊಸೆಯಂದಿರನ್ನೂ ಮೊಮ್ಮಗಳನ್ನೂ ಕರೆದು ಸಾಲಾಗಿ ನಿಲ್ಲಿಸಿದರು. ಮೊದಲು ತಾವು ಹೇಳಿದರು, ಆಮೇಲೆ ಅವರಿಂದ ಹೇಳಿಸಿದರು. ಒಬ್ಬಳು ಚಿಕ್ಕಪೇಟೆಯನ್ನು ತುಮಕೂರಿಗಿಂತ ಮೊದಲು ಹೇಳಿದಳು. ಅವಳಿಂದ ಮತ್ತೆ ಹೇಳಿಸಿದರು. ನಾನು ಟಾಂಗಾ ಹತ್ತಿ ಕೂತೆ. ಅಡುಗೆಮನೆಯ ಕಿಟಕಿಯಿಂದ, ರೊಟ್ಟಿ ಬಡಿಯುವ ಸದ್ದಿನ ನಡುವೆ, ಹೆಂಗಸರು ನನ್ನ ಹೆಸರನ್ನೂ ಊರನ್ನೂ ಒಬ್ಬರಿಗೊಬ್ಬರು ಹೇಳಿಕೊಡುತ್ತಿದ್ದದ್ದು ಬೀದಿಯ ತನಕ ಕೇಳಿಸುತ್ತಿತ್ತು.